ಹಸಿರು ಕ್ಯಾಪ್ಸೂಲಿನ ಎಣ್ಣೆ ಮುಖಕ್ಕೆ ಒಳ್ಳೇದಾ?

ಮೆಡಿಕಲ್ ಶಾಪಲ್ಲಿ ಎವಿಯಾನ್ 400, ಅಂದ್ರೆ ವಿಟಮಿನ್ ಇ, ಕೇಳಿದ್ರೆ ಹಸಿರು ಕ್ಯಾಪ್ಸೂಲುಗಳ ಸ್ಟ್ರಿಪ್ ಕೊಡ್ತಾರೆ. ಅದು ಇರೋದು ನುಂಗೋಕೆ. ನಮ್ಮ ಜನ ಪಿನ್ನಲ್ಲಿ ಚುಚ್ಚಿ ಮುಖಕ್ಕೆ ಹಚ್ಕೋತಾರೆ!

ಒಂದನ್ನ ಹಿಂಡಿ ನೋಡಿ. ಹಸಿರು ಬರೀ ಹೊರಗಿನ ಸಿಪ್ಪೆಗೆ. ಒಳಗಿರೋದು ತಿಳಿ ಹಳದಿ, ಮಂದವಾದ ಎಣ್ಣೆ. ಬೆರಳಿಗೆ ಅಂಟ್ಕೊಂಡ್ರೆ ಬಿಡಲ್ಲ. ಅದರ ನಿಜವಾದ ಉಪಯೋಗ ಇರೋದು ಆ ಅಂಟಲ್ಲೇ. ಚರ್ಮದ ಮೇಲೆ ಪದರ ಕಟ್ಟಿ, ಒಳಗಿನ ತೇವ ಆರದ ಹಾಗೆ ತಡೆಯುತ್ತೆ. ಒಡೆದ ಹಿಮ್ಮಡಿ, ಉಗುರಿನ ಸುತ್ತ ಒಣಗಿ ಏಳೋ ಚರ್ಮ, ಇಂಥ ಕಡೆ ಧಾರಾಳವಾಗಿ ಹಚ್ಚಿ. ಮೊಡವೆ ಮುಖದವರು ಮಾತ್ರ ದೂರ ಇರಿ, ರಂಧ್ರ ಕಟ್ಕೊಳ್ಳುತ್ತೆ.

ಇನ್ನು ಆ್ಯಂಟಿ ಆಕ್ಸಿಡೆಂಟ್ ವಿಚಾರ. ಬಿಸಿಲಿಗೆ ಚರ್ಮದ ಕೊಬ್ಬು, ಹಳೇ ಎಣ್ಣೆ ಕಮಟು ಹಿಡಿದ ಹಾಗೆ ಕೆಡುತ್ತೆ. ಅದನ್ನ ತಡೆಯೋಕೆ ಹೋಗಿ ವಿಟಮಿನ್ ಇ ತಾನೇ ಸವೆಯುತ್ತೆ. ಸವೆದದ್ದನ್ನ ಮತ್ತೆ ಎಬ್ಬಿಸಿ ನಿಲ್ಲಿಸೋದು ವಿಟಮಿನ್ ಸಿ. ಅದಕ್ಕೇ ಸೀರಮ್ಮುಗಳಲ್ಲಿ ಇವೆರಡೂ ಜೋಡಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶೇ. 15 ಸಿ, ಶೇ. 1 ಇ, ಜೊತೆಗೆ ಅರ್ಧ ಪರ್ಸೆಂಟ್ ಫೆರುಲಿಕ್ ಆಮ್ಲ ಇತ್ತು. ಫೆರುಲಿಕ್ ಸೇರಿಸಿದ್ಮೇಲೆ ಬಿಸಿಲಿನ ರಕ್ಷಣೆ ಹೆಚ್ಚುಕಮ್ಮಿ ದುಪ್ಪಟ್ಟಾಯ್ತು. ಗಮನಿಸಿ, ಇ ಇದ್ದದ್ದು ಬರೀ ಶೇ. 1! ನಿಮ್ಮ ಕ್ಯಾಪ್ಸೂಲಲ್ಲಿರೋದು ಟೋಕೋಫೆರಿಲ್ ಅಸಿಟೇಟ್. ಬಾಟಲಿಯಲ್ಲಿ ಕೆಡದೆ ಬಾಳಲಿ ಅಂತ ಮಾಡಿದ ವಿಟಮಿನ್ ಇ ರೂಪ ಅದು. ಚರ್ಮ ಅದನ್ನ ಒಡೆದು ಬದಲಾಯಿಸಿಕೊಂಡ ಮೇಲೇ ಕೆಲಸ ಶುರು. ಸನ್‌ಸ್ಕ್ರೀನ್ ಬದಲಿಗೆ ಇದನ್ನ ಹಚ್ಚಿ ಹೊರಗೆ ಹೋಗೋದಂತೂ ಬೇಡವೇ ಬೇಡ.

"ಕಲೆ ಹೋಗುತ್ತಾ?" ಎಲ್ಲರೂ ಕೇಳೋದು ಇದನ್ನೇ. 1999ರಲ್ಲಿ ಮಯಾಮಿಯ ವೈದ್ಯರು ಇದನ್ನ ಪರೀಕ್ಷೆ ಮಾಡಿದ್ರು. ಆಪರೇಷನ್ ಆದ 15 ಜನರ ಗಾಯದ ಗುರುತಿನ ಒಂದರ್ಧಕ್ಕೆ ಸಾದಾ ಮುಲಾಮು, ಇನ್ನರ್ಧಕ್ಕೆ ವಿಟಮಿನ್ ಇ ಬೆರೆಸಿದ ಅದೇ ಮುಲಾಮು. ಶೇ. 90ರಷ್ಟು ಕಡೆ ವಿಟಮಿನ್ ಇಯಿಂದ ಲಾಭ ಸೊನ್ನೆ, ಇಲ್ಲಾ ಕಲೆ ಇನ್ನೂ ಕೆಟ್ಟಿತ್ತು. ಮೂವರಲ್ಲಿ ಒಬ್ಬರಿಗೆ ಅಲರ್ಜಿ, ತುರಿಕೆ. ಚಿಕ್ಕ ಅಧ್ಯಯನವೇ, ಒಪ್ಪುತ್ತೀನಿ. ಆದರೂ ಕಲೆಗೆ ಅಂತ ನಾನಂತೂ ಇದನ್ನ ಹೇಳಲ್ಲ.

ಹಚ್ಚಲೇಬೇಕು ಅನ್ನೋರು ಮೊದಲು ಮೊಣಕೈ ಒಳಗೆ ಒಂದು ಹನಿ ಸವರಿ ಎರಡು ದಿನ ಕಾಯಿರಿ. ಕೆಂಪಾಗದಿದ್ರೆ ರಾತ್ರಿ ಮಾಯಿಶ್ಚರೈಸರಿಗೆ ಒಂದೇ ಹನಿ ಬೆರೆಸಿ. ನುಂಗೋ ವಿಚಾರಕ್ಕೆ ಬಂದ್ರೆ, ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೆ ಈ ಕ್ಯಾಪ್ಸೂಲ್ ಮುಟ್ಟಬೇಡಿ, ರಕ್ತಸ್ರಾವದ ಅಪಾಯ ಇದೆ.