ಬೇರಿನೊಳಗಿನ ಮದ್ದು



ಇವತ್ತು ಒಂದು ಮರದ ವಿಷಯ ಮಾತಾಡೋಣ. ಅದರ ಹೆಸರು ದುರ್ವಾಸನೆ ಮರ. ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಳೆಯುತ್ತದೆ. ಹೂವು ಕೆಟ್ಟ ವಾಸನೆ. ಅದಕ್ಕೇ ಆ ಹೆಸರು. ಆದರೆ ಅದರ ಬೇರು, ತೊಗಟೆಯಲ್ಲಿ ಕ್ಯಾನ್ಸರ್ ತಡೆಯುವ ಒಂದು ವಸ್ತು ಇದೆ. ಹೆಸರು ಕಷ್ಟ. ಬಿಡಿಸಿ ಓದಿ: ಕ್ಯಾಂಪ್-ಟೊ-ಥೆ-ಸಿನ್.

ಈ ವಸ್ತು ಮೊದಲು ಸಿಕ್ಕಿದ್ದು ಚೀನಾ ದೇಶದ ಒಂದು ಮರದಲ್ಲಿ. 1966ರಲ್ಲಿ ಅಮೆರಿಕದ ವಿಜ್ಞಾನಿಗಳಾದ ವಾಲ್ ಮತ್ತು ವಾನಿ ಇದನ್ನು ತಿಳಿಸಿದರು. 1972ರಲ್ಲಿ ನಮ್ಮ ದೇಶದ ಗೋವಿಂದಾಚಾರಿ ಮತ್ತು ವಿಶ್ವನಾಥನ್, ಅದೇ ವಸ್ತು ದುರ್ವಾಸನೆ ಮರದಲ್ಲೂ ಇದೆ ಎಂದು ತೋರಿಸಿದರು.

ಇಂಥದ್ದನ್ನು ಹುಡುಕುವುದು ಹೇಗೆ ಗೊತ್ತಾ? ಬೇರನ್ನು ಒಣಗಿಸಿ ಪುಡಿ ಮಾಡುತ್ತಾರೆ. ನಾವು ಕಾಫಿ ಡಿಕಾಕ್ಷನ್ ಇಳಿಸುತ್ತೇವಲ್ಲ, ಹಾಗೆ ಸಾರ ಇಳಿಸುತ್ತಾರೆ. ಆ ಸಾರದಲ್ಲಿ ಹತ್ತಾರು ವಸ್ತು ಬೆರೆತಿರುತ್ತವೆ. ಒಂದೊಂದನ್ನೇ ಬೇರೆ ಮಾಡುತ್ತಾರೆ. ಯಾವುದು ಕ್ಯಾನ್ಸರ್ ತಡೆಯುತ್ತದೆ ಎಂದು ನೋಡುತ್ತಾರೆ. ಮೊದಲು ಗಾಜಿನ ತಟ್ಟೆಯಲ್ಲಿ, ಆಮೇಲೆ ಇಲಿಗಳಲ್ಲಿ, ಕೊನೆಗೆ ಮನುಷ್ಯರಲ್ಲಿ.

ಬೇರಿನ ವಸ್ತುವನ್ನು ಹಾಗೇ ಕೊಟ್ಟರೆ ಆಯಿತೇ? ಇಲ್ಲ. 1970ರ ದಶಕದಲ್ಲಿ ಕೊಟ್ಟು ನೋಡಿದರು. ರೋಗಿಗಳ ಮೂತ್ರಕೋಶಕ್ಕೆ ಪೆಟ್ಟಾಯಿತು. ಪ್ರಯೋಗ ನಿಂತಿತು. ವಿಜ್ಞಾನಿಗಳು ಕೈ ಬಿಡಲಿಲ್ಲ. ಆ ವಸ್ತುವನ್ನು ಸ್ವಲ್ಪ ಬದಲಿಸಿದರು. ಎರಡು ಔಷಧ ಬಂದವು: ಟೊಪೊಟೆಕಾನ್, ಇರಿನೊಟೆಕಾನ್. 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲನೆಯದು ಅಂಡಾಶಯದ ಕ್ಯಾನ್ಸರಿಗೆ, ಎರಡನೆಯದು ಕರುಳಿನ ಕ್ಯಾನ್ಸರಿಗೆ. 1966ರಿಂದ 1996. ಲೆಕ್ಕ ಹಾಕಿ. 30 ವರ್ಷ!

ಇದನ್ನು ಯಾಕೆ ಹೇಳಿದೆ? ನನ್ನ ಚಿಕ್ಕಮ್ಮನಿಗೆ ಎದೆಯಲ್ಲಿ ಗಂಟು ಆಗಿತ್ತು. ನೋವಿರಲಿಲ್ಲ. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಯಾರೋ ಕೊಟ್ಟ ಬೇರನ್ನು ಅರೆದು ಎಂಟು ತಿಂಗಳು ಕುಡಿದರು. ಆಸ್ಪತ್ರೆಗೆ ಹೋಗುವಾಗ ಹೊತ್ತು ಮೀರಿತ್ತು. ಚಿಕ್ಕಮ್ಮ ಉಳಿಯಲಿಲ್ಲ.

ಬೇರಿನಲ್ಲಿ ಮದ್ದು ಇರಬಹುದು. ಆದರೆ ಯಾವ ವಸ್ತು, ಎಷ್ಟು, ಯಾವ ರೋಗಕ್ಕೆ? ಅದು ಅರೆಯುವ ಕಲ್ಲಿಗೆ ಗೊತ್ತಾಗುವುದಿಲ್ಲ. ಕಾಡಿನ ಬೇರು ಅಗೆದು ಕುಡಿಯಬೇಡಿ. ಮರವೂ ಸಾಯುತ್ತದೆ, ರೋಗವೂ ಬೆಳೆಯುತ್ತದೆ.

ಎದೆಯಲ್ಲಿ ಗಂಟು ಕಂಡರೆ, ಮುಟ್ಟು ನಿಂತ ಮೇಲೆ ರಕ್ತ ಹೋದರೆ, ಬಾಯಿಯ ಹುಣ್ಣು ಮಾಯದಿದ್ದರೆ ಬೇಗ ಡಾಕ್ಟರಿಗೆ ತೋರಿಸಿ. ಗಂಟೆಲ್ಲ ಕ್ಯಾನ್ಸರ್ ಅಲ್ಲ. ಆದರೆ ತೋರಿಸದೆ ತಿಳಿಯುವುದು ಹೇಗೆ? ಬೇಗ ಹೋದರೆ ಬದುಕಬಹುದು. ಒಬ್ಬರೇ ಹೋಗಲು ಹೆದರಿಕೆಯೇ? ಪಕ್ಕದಲ್ಲಿ ಕೂತಿರುವ ಅಕ್ಕನನ್ನು ಕರೆದುಕೊಂಡು ಹೋಗಿ. ನನ್ನನ್ನು ಕರೆದರೆ ನಾನೂ ಬರುತ್ತೇನೆ.