ನಮ್ಮೂರೂ ದೇಶದೇಶಗಳ ವ್ಯವಹಾರವೂ

ಚನ್ನರಾಯಪಟ್ಟಣವೆಂದೊಡನೆ ನಿಮ್ಮಲ್ಲಿ ಬಹುಮಂದಿಗೆ ಹಾಸನ ಜಿಲ್ಲೆಯ ಊರು ನೆನಪಾಗುವುದು ಸಹಜ. ಈ ದಿನ ನಾನು ಹೇಳಹೊರಟಿರುವುದು ಅದೇ ಹೆಸರಿನ ಇನ್ನೊಂದು ಊರಿನ ಮಾತು. ಇದು ದೇವನಹಳ್ಳಿ ತಾಲ್ಲೂಕಿಗೆ ಸೇರಿದ ಹೋಬಳಿ. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುವ ಸೀಮೆ. ಅಲ್ಲಿನ ರೇಷ್ಮೆ ಬೆಳೆಗಾರರೊಬ್ಬರು ಈಚೆಗೆ ನನ್ನನ್ನು ಕಂಡು ಕೇಳಿದರು:

“ಮೇಷ್ಟ್ರೇ, ನನ್ನ ಮಗಳು ಬಿ.ಎ. ಮುಗಿಸಿದ್ದಾಳೆ. ಇನ್ನೆರಡು ವರ್ಷ ದೂರದ ಊರಿಗೆ ಹೋಗಿ ಅಂತರರಾಷ್ಟ್ರೀಯ ವ್ಯವಹಾರದಲ್ಲಿ ಎಂ.ಎ. ಓದುತ್ತೀನಿ ಅಂತಾಳೆ. ಅದರಲ್ಲಿ ಚರಿತ್ರೆಯೂ ಉಂಟಂತೆ, ಅರ್ಥಶಾಸ್ತ್ರವೂ ಉಂಟಂತೆ, ಕಾನೂನೂ ಉಂಟಂತೆ. ಇದೆಂಥ ಓದು ಸ್ವಾಮಿ? ಬಿ.ಎಡ್. ಮಾಡಿದರೆ ಒಂದು ಕೆಲಸವಾದರೂ ಸಿಕ್ಕೀತು. ಚೀನಾದವರು, ಅಮೆರಿಕದವರು ಏನು ಮಾಡಿಕೊಂಡರೆ ನಮಗೇನು?”

ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಎರಡು ವರ್ಷದ ಖರ್ಚು ಸಣ್ಣದಲ್ಲ. ಮಗಳ ಎರಡು ವರ್ಷದ ಆಯುಸ್ಸು ಅದಕ್ಕಿಂತ ದೊಡ್ಡದು. ಆದ್ದರಿಂದ ಅವರ ಕೊನೆಯ ಮಾತನ್ನೇ ಮೊದಲು ಎತ್ತಿಕೊಳ್ಳೋಣ. ಚೀನಾದವರು ಏನು ಮಾಡಿದರೆ ನಮಗೇನು?

ಆ ರೈತರು ತಮ್ಮ ಗೂಡನ್ನು ಮಾರುವುದು ಅದೇ ತಾಲ್ಲೂಕಿನ ವಿಜಯಪುರದ ಮಾರುಕಟ್ಟೆಯಲ್ಲಿ. 2011ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದರು. ಚೀನಾದ ನೂಲು ಅಗ್ಗವಾಯಿತು, ನಮ್ಮ ನಾಡಿನಲ್ಲಿ ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕ ಮತ್ತೆ 15ಕ್ಕೆ ಏರಿತು. ದೆಹಲಿಯಲ್ಲಿ ಓದಿದ ಒಂದು ಅಂಕಿ, ಚೀನಾದಲ್ಲಿ ಬಿಚ್ಚಿದ ನೂಲು, ಇವೆರಡೂ ಸೇರಿ ನಮ್ಮ ಹುಳುಮನೆಯ ಚಂದ್ರಿಕೆಯ ಮೇಲಿನ ಗೂಡಿಗೆ ಬೆಲೆ ಕಟ್ಟಿದವು.

ಇದನ್ನು ತಿಳಿಯಬೇಕಾದರೆ ಯಾವ ಶಾಸ್ತ್ರ ಓದಬೇಕು? ಅರ್ಥಶಾಸ್ತ್ರ ಬಲ್ಲವನು ಅಗ್ಗದ ನೂಲಿನಿಂದ ನೇಕಾರನಿಗೆ ಲಾಭ, ಬೆಳೆಗಾರನಿಗೆ ನಷ್ಟವೆಂದು ಲೆಕ್ಕ ಹಾಕಿಕೊಡುತ್ತಾನೆ. ಆದರೆ ಬನಾರಸಿನ ನೇಕಾರನ ಮಾತು ದೆಹಲಿಯಲ್ಲಿ ಎಷ್ಟು ನಡೆಯುತ್ತದೆ, ಕರ್ನಾಟಕದ ಬೆಳೆಗಾರನದು ಎಷ್ಟು ನಡೆಯುತ್ತದೆ ಎಂಬುದು ರಾಜ್ಯಶಾಸ್ತ್ರದ ಮಾತು. ಸುಂಕವನ್ನು ಎಷ್ಟರವರೆಗೆ ಏರಿಸಬಹುದೆಂಬುದಕ್ಕೆ ವಿಶ್ವ ವ್ಯಾಪಾರ ಸಂಸ್ಥೆಯ ಕಟ್ಟುಗಳಿವೆ. 1995ರಲ್ಲಿ ಅದು ಹುಟ್ಟಿದಾಗಿನಿಂದ ಭಾರತ ಅದರ ಸದಸ್ಯ. ಅದು ಕಾನೂನಿನ ಮಾತು. ರೇಷ್ಮೆಯಲ್ಲಿ ಚೀನಾದ ಕೈ ಹೇಗೆ ಮೇಲಾಯಿತೆಂಬುದು ಚರಿತ್ರೆಯ ಮಾತು. ಅಲ್ಲಿನವರು ತಮ್ಮ ಪತ್ರಿಕೆಗಳಲ್ಲಿ ಏನು ಬರೆದುಕೊಳ್ಳುತ್ತಾರೆಂದು ಓದಲು ಅವರ ಭಾಷೆಯೇ ಬೇಕು. ಒಂದು ಗೂಡಿಗೆ ಐದು ವಿದ್ಯೆ! ಹಲವು ಶಾಸ್ತ್ರಗಳನ್ನು ಕೂಡಿಸಿ ಕಲಿಸುವ ಈ ಎಂ.ಎ. ಹುಟ್ಟಿದ್ದು ಇಂಥ ಅಗತ್ಯದಿಂದಲೇ.

ಈ ವಿದ್ಯೆ ಬಹಳ ಹಳೆಯದೇನೂ ಅಲ್ಲ. ಮೊದಲ ಮಹಾಯುದ್ಧದ ಹಾವಳಿಯನ್ನು ಕಂಡ ಮೇಲೆ, ಇಂಥ ಅನಾಹುತ ಮತ್ತೆ ಆಗದಿರಲು ದೇಶದೇಶಗಳ ಸಂಬಂಧವನ್ನೇ ಒಂದು ವಿಷಯವಾಗಿ ಅಭ್ಯಾಸಮಾಡಬೇಕೆಂದು 1919ರಲ್ಲಿ ವೇಲ್ಸ್ ದೇಶದ ಅಬರಿಸ್ಟ್‌ವಿತ್‌ನಲ್ಲಿ ಪ್ರಾಧ್ಯಾಪಕ ಪೀಠವೊಂದನ್ನು ಸ್ಥಾಪಿಸಿದರು. 1927ರಲ್ಲಿ ಜಿನೀವಾದಲ್ಲಿ ಇದಕ್ಕೆಂದೇ ವಿದ್ಯಾಸಂಸ್ಥೆ ಹುಟ್ಟಿತು. ನಮ್ಮಲ್ಲಿ 1955ರಲ್ಲಿ ದೆಹಲಿಯಲ್ಲಿ ತೆರೆದ ಶಾಲೆ 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸೇರಿಹೋಯಿತು. ಅಷ್ಟು ದೂರ ಹೋಗಲಾಗದವರಿಗೆ ಮಣಿಪಾಲದಲ್ಲಿ ಈ ವಿಷಯದ ಎಂ.ಎ. ಉಂಟು; ನಮ್ಮ ಕನ್ನಡದ ಗಡಿನಾಡಾದ ಕಾಸರಗೋಡಿನಲ್ಲಿ, ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿಯೂ ಉಂಟು.

ಹಾಗಾದರೆ ಹಿಂದಿನವರು ಇದನ್ನು ಎಲ್ಲಿ ಕಲಿತರು ಎಂದು ನೀವು ಕೇಳಬಹುದು. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರನ್ನು ನೆನೆಯಿರಿ. ಸಿವಿಲ್ ಸರ್ವಿಸ್ ಸೇರಿದರು, ನ್ಯಾಯಾಧೀಶರಾದರು, ಕಾಶ್ಮೀರ ಸಂಸ್ಥಾನದ ಪ್ರಧಾನಿಯಾದರು, ನಮ್ಮ ಸಂವಿಧಾನ ಸಭೆಗೆ ಸಲಹೆಗಾರರಾಗಿ ದುಡಿದರು. 1950ರ ಜೂನ್ ತಿಂಗಳಲ್ಲಿ ಕೊರಿಯಾದಲ್ಲಿ ಯುದ್ಧ ಸಿಡಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಲಿಯ ಅಧ್ಯಕ್ಷ ಪೀಠದಲ್ಲಿ ಕುಳಿತಿದ್ದವರು ಅವರೇ. ಮುಂದೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಮೂರ್ತಿಗಳೂ ಆದರು. ಆಡಳಿತ, ಕಾನೂನು, ರಾಜಕಾರಣ ಇವನ್ನೆಲ್ಲ ಅವರು ಕೂಡಿಸಿಕೊಂಡದ್ದು ಒಂದು ಇಡೀ ಜೀವಮಾನದ ದುಡಿಮೆಯಿಂದ. ಎರಡು ವರ್ಷದ ಎಂ.ಎ. ಯಾರನ್ನೂ ನರಸಿಂಗರಾಯರನ್ನಾಗಿ ಮಾಡಲಾರದು. ಆ ದಾರಿಯ ಮೊದಲ ಮೈಲಿಗಲ್ಲನ್ನು ಮಾತ್ರ ತೋರಿಸಬಲ್ಲುದು.

ಇನ್ನು ತಂದೆತಾಯಿಗಳು ತಿಳಿದಿರಬೇಕಾದ ಕೆಲವು ಮಾತುಗಳು.

ಮೊದಲನೆಯದು, ಈ ಪದವಿ ರಾಯಭಾರಿಯ ಹುದ್ದೆಗೆ ರಹದಾರಿಯಲ್ಲ. ವಿದೇಶಾಂಗ ಸೇವೆಗೆ ಸೇರಲು ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅದಕ್ಕೆ ಯಾವುದೇ ವಿಷಯದ ಪದವಿ ಸಾಕು; ಎಂ.ಎ. ಬೇಕೆಂಬ ನಿಯಮವಿಲ್ಲ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಲೂ ಅವಕಾಶವಿದೆ. ಆ ಒಂದು ಹುದ್ದೆಯನ್ನೇ ನೆಚ್ಚಿ ಈ ಓದಿಗೆ ಸಾಲ ಮಾಡುವುದು ವಿವೇಕವಲ್ಲ. ಓದಿದವರಿಗೆ ಪತ್ರಿಕೆ, ಸಂಶೋಧನೆ, ಅಧ್ಯಾಪನ, ಹೊರದೇಶದೊಡನೆ ವ್ಯಾಪಾರ ಮಾಡುವ ಕಂಪನಿಗಳು, ಸೇವಾಸಂಸ್ಥೆಗಳು ಇಂಥ ಕಡೆ ಕೆಲಸವುಂಟು. ಆದರೆ ಅದು ಬಾಗಿಲಿಗೆ ಬಂದು ಕರೆಯುವ ಕೆಲಸವಲ್ಲ, ಹುಡುಕಿಕೊಂಡು ಹೋಗಬೇಕಾದದ್ದು.

ಎರಡನೆಯದು, ನಮ್ಮ ಹಿರಿಯರು ‘ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು’ ಎಂದಿದ್ದಾರೆ. ಈ ಓದಿನ ದೊಡ್ಡ ಅಪಾಯವನ್ನು ಆ ಗಾದೆ ಮೊದಲೇ ಹೇಳಿಬಿಟ್ಟಿದೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಿಳಿದು ಯಾವುದನ್ನೂ ಪೂರ್ತಿ ತಿಳಿಯದೆ ಹೊರಬರುವ ವಿದ್ಯಾರ್ಥಿಗಳು ಇಲ್ಲದಿಲ್ಲ. ಅದಕ್ಕೆ ಮದ್ದೂ ಇದೆ. ಸೇರಿದ ಮೊದಲ ವರ್ಷದಲ್ಲಿಯೇ ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿಯಬೇಕು. ರೇಷ್ಮೆಯ ವ್ಯಾಪಾರವಾಗಲಿ, ನದಿ ನೀರಿನ ಒಪ್ಪಂದವಾಗಲಿ, ಯಾವುದಾದರೂ ಸರಿ. ಅದರ ಜೊತೆಗೆ ಒಂದು ಪರಭಾಷೆಯನ್ನು, ಆ ಭಾಷೆಯ ಪತ್ರಿಕೆ ಓದುವಷ್ಟಾದರೂ, ಕಲಿಯಬೇಕು. ಅಂಕಿಅಂಶದ ಲೆಕ್ಕಕ್ಕೆ ಹೆದರಬಾರದು. ಹಲವು ಶಾಸ್ತ್ರಗಳು ಹಲವು ದಾರ. ಒಂದು ಪ್ರಶ್ನೆಯೆಂಬ ಮಗ್ಗವಿದ್ದರೆ ತಾನೇ ಬಟ್ಟೆಯಾಗುವುದು?

ಮೂರನೆಯದು, ಸಂಸ್ಥೆಯ ಕಟ್ಟಡ ನೋಡಿ ಮರುಳಾಗಬೇಡಿ. ಅರ್ಥಶಾಸ್ತ್ರ, ಕಾನೂನುಗಳನ್ನು ಆಯಾ ಶಾಸ್ತ್ರ ಬಲ್ಲವರೇ ಕಲಿಸುತ್ತಾರೆಯೇ? ಗ್ರಂಥಾಲಯ ಹೇಗಿದೆ? ಹಿಂದೆ ಓದಿದವರು ಈಗ ಎಲ್ಲಿದ್ದಾರೆ? ಇವನ್ನು ಕೇಳಿ. ಸರ್ಕಾರಿ ವಿಶ್ವವಿದ್ಯಾಲಯದ ಶುಲ್ಕಕ್ಕೂ ಖಾಸಗಿಯದಕ್ಕೂ ಅಜಗಜಾಂತರ ಉಂಟು. ವಿದ್ಯಾರ್ಥಿವೇತನವನ್ನು ಮೊದಲು ವಿಚಾರಿಸಿ. ಇಂಥ ಓದಿಗಾಗಿ ಹೊಲ ಮಾರಬೇಡಿ.

ಹೊಲದ ಮಾತು ಬಂತು. ಚನ್ನರಾಯಪಟ್ಟಣ ಹೋಬಳಿಯ ಜನರಿಗೆ ಈ ಮಾತಿನ ತೂಕ ಚೆನ್ನಾಗಿ ಗೊತ್ತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಬಂದಮೇಲೆ ಸುತ್ತಲ ಭೂಮಿಯ ಮೇಲೆ ಎಲ್ಲರ ಕಣ್ಣೂ ಬಿತ್ತು. ವಿಮಾನೋದ್ಯಮದ ಪಾರ್ಕಿಗಾಗಿ ಈ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ತೆಗೆದುಕೊಳ್ಳುವ ಯೋಜನೆಯನ್ನು ವಿರೋಧಿಸಿ ರೈತರು 2022ರಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಆ ಭೂಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಪರದೇಶದ ಬಂಡವಾಳ, ವಿಮಾನದ ಬಿಡಿಭಾಗಗಳ ಜಾಗತಿಕ ಮಾರುಕಟ್ಟೆ, ನಮ್ಮ ಭೂಕಾನೂನು, ರೈತನ ಅನ್ನ ಇವು ನಾಲ್ಕೂ ಒಂದೇ ಹೊಲದ ಬದುವಿನ ಮೇಲೆ ಎದುರುಬದುರಾಗಿ ನಿಂತದ್ದನ್ನು ಆ ಜನ ಕಣ್ಣಾರೆ ಕಂಡರು. ಅಂಥ ಸಭೆಯಲ್ಲಿ ಎರಡೂ ಕಡೆಯ ಕಾಗದಪತ್ರಗಳನ್ನು ಓದಿ, ತಿಳಿಗನ್ನಡದಲ್ಲಿ ಹೇಳಬಲ್ಲ ಊರಿನದೇ ಮಗಳೊಬ್ಬಳಿದ್ದರೆ ಎಷ್ಟು ಅನುಕೂಲವೆಂದು ಯೋಚಿಸಿ ನೋಡಿ.

ನಾನು ಆ ರೈತರಿಗೆ ಇಷ್ಟನ್ನೂ ಹೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, “ಹಾಗಾದರೆ ಗೂಡಿನ ಬೆಲೆ ಯಾಕೆ ಬಿತ್ತು ಅಂತ ಅವಳು ನನಗೆ ಹೇಳಬಲ್ಲಳೋ?” ಎಂದರು. “ಹೇಳಬಲ್ಲವಳಾಗಿ ಬಂದರೆ ಓದಿದ್ದು ಸಾರ್ಥಕ. ಸೇರಿಸುವ ಮೊದಲು ಆ ಮಾತನ್ನು ಅವಳಿಂದಲೇ ಪಡೆಯಿರಿ” ಎಂದೆ.

ನಿಮ್ಮ ಮನೆಯಲ್ಲಿಯೂ ಇಂಥ ಆಸೆಯಿಟ್ಟುಕೊಂಡ ಮಗನೋ ಮಗಳೋ ಇದ್ದರೆ, ಊಟದ ಹೊತ್ತಿನಲ್ಲಿ ಇದೇ ಪ್ರಶ್ನೆಯನ್ನು ಕೇಳಿ ನೋಡಿ: ಈ ಓದಿನಿಂದ ನಮ್ಮೂರಿನ ಯಾವ ಗಂಟನ್ನು ನೀನು ಬಿಡಿಸಬಲ್ಲೆ? ಉತ್ತರ ಒಡನೆಯೇ ಬರಬೇಕಾಗಿಲ್ಲ. ಅದನ್ನು ಹುಡುಕುವ ಹಟ ಅವರ ಮುಖದಲ್ಲಿ ಕಂಡರೆ, ಧೈರ್ಯವಾಗಿ ಕಳುಹಿಸಿಕೊಡಿ.