ಕ್ಷೌರದ ಕತ್ತಿ: ಕೈಯ ಹದ ಮತ್ತು ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನಮ್ಮ ಸಾಮಾನ್ಯ ಸಭೆಗಳಲ್ಲಿ ಕುಡಿಯುವ ನೀರು, ಬೀದಿದೀಪ, ಚರಂಡಿ, ರಸ್ತೆಗಳ ವಿಷಯ ತಪ್ಪದೆ ಚರ್ಚೆಗೆ ಬರುತ್ತದೆ. ಊರಿನ ಕ್ಷೌರದಂಗಡಿಯ ವಿಷಯ ಬರುವುದು ಅಪರೂಪ. ಆದರೆ ಮನುಷ್ಯನು ಕಣ್ಣು ಮುಚ್ಚಿ ತನ್ನ ಕೊರಳನ್ನು ಹರಿತವಾದ ಅಲಗಿಗೆ ಒಪ್ಪಿಸಿ ಕುಳಿತುಕೊಳ್ಳುವುದು ಕ್ಷೌರಿಕನ ಮುಂದೆ ಮಾತ್ರ. ಆ ನಂಬಿಕೆಗೆ ತಕ್ಕಂತೆ ಆತನ ಕೈ ಪಳಗಿದೆಯೇ, ಕತ್ತಿ ಶುದ್ಧವಾಗಿದೆಯೇ, ಅಂಗಡಿಯ ಬಾಗಿಲು ಎಲ್ಲರಿಗೂ ತೆರೆದಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ಮೊದಲು ಕೈಯ ಮಾತು. ನೇರ ಅಲಗಿನ ಕತ್ತಿಯಲ್ಲಿ ಎರಡು ಬಗೆ. ಸಾಣೆಕಲ್ಲಿನ ಮೇಲೆ ಮಸೆದು, ಚರ್ಮದ ಪಟ್ಟಿಯ ಮೇಲೆ ಎಳೆದು ಹದಗೊಳಿಸುವ ಒಂಟಿ ಅಲಗಿನ ಕತ್ತಿ ಹಳೆಯದು. ಹಿಡಿಯೊಳಗೆ ಬ್ಲೇಡನ್ನು ಸೇರಿಸಿ ಬದಲಾಯಿಸುವ ಕತ್ತಿ ಈಗಿನದು. ಮನೆಯಲ್ಲಿ ನಾವು ಬಳಸುವ ರೇಜರಿನಂತೆ ಇವೆರಡಕ್ಕೂ ಅಡ್ಡ ತಡೆಯಿಲ್ಲ. ಕೈಯ ಎಚ್ಚರವೇ ತಡೆ.

ಕೆಲಸ ಆರಂಭವಾಗುವುದು ಕತ್ತಿಯಿಂದಲ್ಲ, ಬಿಸಿನೀರಿನಿಂದ. ಎರಡು ಮೂರು ನಿಮಿಷ ಗಡ್ಡವನ್ನು ನೆನೆಸಿದರೆ ಕೂದಲು ಮೆತ್ತಗಾಗುತ್ತದೆ. ಬಳಿಕ ಬೆರಳಿನಿಂದ ಸವರಿ, ಕೂದಲು ಯಾವ ಕಡೆಗೆ ಮಲಗಿದೆಯೆಂಬುದನ್ನು ತಿಳಿಯಬೇಕು. ದಟ್ಟವಾಗಿ ನೊರೆ ಹಚ್ಚಿ, ಒಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಇನ್ನೊಂದು ಕೈಯಿಂದ ಕತ್ತಿಯನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿ ಇರಿಸಿ ಕೂದಲಿನ ದಿಕ್ಕಿನಲ್ಲಿಯೇ ಸಾಗಿಸಬೇಕು. ಕತ್ತಿಯನ್ನು ತೀರ ಮಲಗಿಸಿದರೆ ಕೂದಲು ಕತ್ತರಿಸದೆ ಎಳೆಯುತ್ತದೆ. ಹೆಚ್ಚು ನಿಲ್ಲಿಸಿದರೆ ಚರ್ಮ ಕೆರೆಯುತ್ತದೆ. ಅಲಗನ್ನು ಅದರ ಉದ್ದಕ್ಕೆ ಎಂದಿಗೂ ಜಾರಿಸಬಾರದು, ಗಾಯವಾಗುವುದು ಹಾಗೆಯೇ.

ಕೆನ್ನೆಯಂತಹ ಸಮತಟ್ಟಾದ ಜಾಗವನ್ನು ಹೊಸಬನೂ ಬೇಗ ಕಲಿಯುತ್ತಾನೆ. ಕೌಶಲದ ಪರೀಕ್ಷೆ ನಡೆಯುವುದು ನಾಲ್ಕು ಎಡೆಗಳಲ್ಲಿ.

ಒಂದು, ದವಡೆಯ ಅಂಚು. ಇಲ್ಲಿ ಚರ್ಮದ ಕೆಳಗೆ ಎಲುಬು ಏಣಿನಂತಿರುತ್ತದೆ. ಆದ್ದರಿಂದ ಅಂಚಿನ ಕೆಳಗಿನ ಚರ್ಮವನ್ನು ಕೆನ್ನೆಯ ಕಡೆಗೆ ಮೇಲೆಳೆದು, ಸಮತಟ್ಟು ಮಾಡಿಕೊಂಡು ಕತ್ತಿ ಆಡಿಸಬೇಕು.

ಎರಡು, ಗದ್ದ. ಉಬ್ಬು, ತಗ್ಗು, ಒರಟು ಕೂದಲು ಮೂರೂ ಇಲ್ಲಿ ಕೂಡುತ್ತವೆ. ಕೆಳದುಟಿಯನ್ನು ಒಳಕ್ಕೆ ಮಡಚುವಂತೆ ಗಿರಾಕಿಗೆ ಹೇಳಿ, ಅಲಗಿನ ಸ್ವಲ್ಪ ಭಾಗವನ್ನಷ್ಟೇ ತಾಗಿಸಿ, ಅರ್ಧ ಅಂಗುಲದಷ್ಟು ಕಿರಿದಾದ ಎಳೆತಗಳಲ್ಲಿ ಮುಗಿಸಬೇಕು.

ಮೂರು, ಮೇಲ್ದುಟಿ ಮತ್ತು ಕಟವಾಯಿ. ಮೂಗಿನ ತುದಿಯನ್ನು ಮೆಲ್ಲಗೆ ಮೇಲೆತ್ತಿದರೆ ಅಲಗಿಗೆ ಜಾಗ ದೊರೆಯುತ್ತದೆ. ಕಟವಾಯಿಯ ಬಳಿ ಚರ್ಮವನ್ನು ಕಿವಿಯ ಕಡೆಗೆ ಎಳೆದು ಹಿಡಿಯಬೇಕು. ಅಲಗಿನ ಮೂಲೆ ತುಟಿಗೆ ತಾಗದಂತೆ ಕಣ್ಣಿಡಬೇಕು.

ನಾಲ್ಕು, ಕೊರಳು. ಅನೇಕರಿಗೆ ಇಲ್ಲಿ ಕೂದಲು ಮೇಲ್ಮುಖವಾಗಿ ಅಥವಾ ಅಡ್ಡಲಾಗಿ ಬೆಳೆದಿರುತ್ತದೆ. ಕೆನ್ನೆಯ ಲೆಕ್ಕದಲ್ಲಿ ಕತ್ತಿ ಓಡಿಸಿದರೆ ಉರಿ, ಗುಳ್ಳೆ ಖಚಿತ. ಗಂಟಲಿನ ಉಬ್ಬಿನ ಮೇಲೆ ನೇರವಾಗಿ ಕತ್ತಿ ಹಾಯಿಸಬಾರದು. ಅಲ್ಲಿಯ ಚರ್ಮವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಸಮತಟ್ಟಾದ ಜಾಗಕ್ಕೆ ತಂದು ಕೂದಲು ತೆಗೆಯಬೇಕು. ಆ ಹೊತ್ತಿನಲ್ಲಿ ಗಿರಾಕಿ ಮಾತನಾಡಬಾರದು, ಉಗುಳು ನುಂಗಬಾರದು. ಹಲ್ಲು ಬಿದ್ದ ವೃದ್ಧರ ಕುಳಿಬಿದ್ದ ಕೆನ್ನೆಯನ್ನು ಅವರೇ ನಾಲಗೆಯಿಂದ ಒಳಗಿನಿಂದ ಒತ್ತಿಹಿಡಿದರೆ ಕೆಲಸ ಸುಲಭವಾಗುತ್ತದೆ.

ಇದನ್ನು ಕಲಿಸುವುದಕ್ಕೂ ಒಂದು ಕ್ರಮವಿದೆ. ಊದಿದ ಬಲೂನಿಗೆ ನೊರೆ ಹಚ್ಚಿ, ಅದು ಒಡೆಯದಂತೆ ನೊರೆ ತೆಗೆಯುವುದು ಮೊದಲ ಪಾಠ. ಬಳಿಕ ಕೆನ್ನೆ, ಆಮೇಲೆ ದವಡೆ ಮತ್ತು ಗದ್ದ, ಕೊನೆಗೆ ಕೊರಳು. ಹಿಂದೆ ತಂದೆಯ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಮಕ್ಕಳು ಇದನ್ನು ಕಲಿಯುತ್ತಿದ್ದರು. ಆ ಸರಪಳಿ ಕಡಿದಿರುವ ಕಡೆ ತರಬೇತಿಯೇ ಅದನ್ನು ಬೆಸೆಯಬೇಕು.

ಎರಡನೆಯದು ಶುದ್ಧಿಯ ಮಾತು. ಕಣ್ಣಿಗೆ ಕಾಣದಷ್ಟು ರಕ್ತ ಅಲಗಿನ ಮೇಲೆ ಉಳಿದರೂ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಸೋಂಕುಗಳು ಮತ್ತೊಬ್ಬರಿಗೆ ದಾಟಬಹುದು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಜೀವಂತವಿರಬಲ್ಲದು. ಆದ್ದರಿಂದ ಬ್ಲೇಡನ್ನು ನೀರಿನಲ್ಲಿ ಅದ್ದಿ ಒರೆಸಿದರೆ ಸಾಲದು. ಪ್ರತಿಯೊಬ್ಬ ಗಿರಾಕಿಗೂ ಹೊಸ ಬ್ಲೇಡು, ಅದನ್ನು ಅವರ ಕಣ್ಣೆದುರೇ ಹಾಕುವುದು, ತೊಳೆದ ಟವೆಲು ಬಳಸುವುದು ಕಡ್ಡಾಯದ ರೂಢಿಯಾಗಬೇಕು. ಪಟಿಕವು ಸಣ್ಣ ಗಾಯದ ರಕ್ತವನ್ನು ನಿಲ್ಲಿಸುತ್ತದೆ, ನಿಜ. ಆದರೆ ಒಂದೇ ಗಟ್ಟಿಯನ್ನು ಎಲ್ಲರ ಮುಖಕ್ಕೂ ಉಜ್ಜಿದರೆ ಅದೇ ಸೋಂಕಿನ ದಾರಿಯಾದೀತು. ಅದರ ಪುಡಿಯನ್ನು ಹೊಸ ಹತ್ತಿಯಲ್ಲಿ ಹಚ್ಚಿ, ಹತ್ತಿಯನ್ನು ಎಸೆಯುವುದು ಲೇಸು.

ಬಳಸಿದ ಬ್ಲೇಡು ಎಲ್ಲಿಗೆ ಹೋಗುತ್ತದೆ ಎಂಬುದು ನೇರವಾಗಿ ಪಂಚಾಯಿತಿಗೆ ಸೇರಿದ ಪ್ರಶ್ನೆ. ಕಸದೊಡನೆ ಬಿಡಿಯಾಗಿ ಬಿದ್ದ ಬ್ಲೇಡು ಕೊನೆಗೆ ತಲುಪುವುದು ಸ್ವಚ್ಛವಾಹಿನಿಯಲ್ಲಿ ಕಸ ವಿಂಗಡಿಸುವ ನಮ್ಮ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಬೆರಳಿಗೆ. ಗಟ್ಟಿ ಮುಚ್ಚಳದ ಡಬ್ಬಿಯೊಂದನ್ನು ಪ್ರತಿ ಅಂಗಡಿಗೆ ಕೊಟ್ಟು, ತುಂಬಿದಾಗ ಪ್ರತ್ಯೇಕವಾಗಿ ಸಂಗ್ರಹಿಸುವುದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಇನ್ನು ನೆರವಿನ ವಿಷಯ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕ ವೃತ್ತಿಯೂ ಒಂದು. 18 ವರ್ಷ ತುಂಬಿದ, ಸ್ವಂತವಾಗಿ ಕಸುಬು ನಡೆಸುವವರು, ಕುಟುಂಬಕ್ಕೆ ಒಬ್ಬರಂತೆ ನೋಂದಾಯಿಸಬಹುದು. ಮೂಲ ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ಪ್ರೋತ್ಸಾಹಧನ, ಶೇ. 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ ಒಟ್ಟು 3 ಲಕ್ಷ ರೂಪಾಯಿವರೆಗೆ ಜಾಮೀನುರಹಿತ ಸಾಲ ಇದರಲ್ಲಿದೆ. ಅರ್ಜಿಯ ಮೂರು ಹಂತದ ಪರಿಶೀಲನೆಯಲ್ಲಿ ಮೊದಲನೆಯದು ಗ್ರಾಮ ಪಂಚಾಯಿತಿಯದು. ಅಲ್ಲಿ ಅರ್ಜಿ ನಿಂತರೆ, ಒಬ್ಬ ಬಡ ಕಸುಬುದಾರನ ದಾರಿಯೇ ನಿಂತಂತೆ.

ಕೊನೆಯದು ಬಾಗಿಲಿನ ಮಾತು. ಜಾತಿಯ ಕಾರಣಕ್ಕೆ ಕ್ಷೌರ ನಿರಾಕರಿಸುವುದು ಅಸ್ಪೃಶ್ಯತೆಯ ಆಚರಣೆ. ಸಂವಿಧಾನದ 17ನೇ ವಿಧಿ ಅದನ್ನು ನಿಷೇಧಿಸಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮದ ಪ್ರಕಾರ ಅಂಗಡಿಯ ಪ್ರವೇಶ ತಡೆದವರಿಗೆ 1 ತಿಂಗಳಿನಿಂದ 6 ತಿಂಗಳವರೆಗೆ ಸೆರೆವಾಸ ಮತ್ತು ದಂಡ ಉಂಟು. ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ. ಈ ಎರಡನೆಯ ಮಾತನ್ನು ವಿಶೇಷವಾಗಿ ಗಮನಿಸಬೇಕು. ಎಷ್ಟೋ ಕಡೆ ಕ್ಷೌರಿಕನು ಬಾಗಿಲು ಹಾಕುವುದು ಸ್ವಂತ ಇಚ್ಛೆಯಿಂದಲ್ಲ. ಊರಿನ ಬಲಿಷ್ಠರು ತನ್ನ ಅಂಗಡಿಗೆ ಬರುವುದನ್ನು ಬಿಟ್ಟಾರೆಂಬ ಅಂಜಿಕೆಯಿಂದ. ಆ ಅಂಜಿಕೆಯನ್ನು ನೀಗುವ ಶಕ್ತಿ ಆತನಿಗಿಲ್ಲ, ತಮಗಿದೆ. ಬಸವಣ್ಣನವರ ಒಡನಾಡಿಯಾಗಿದ್ದ ಹಡಪದ ಅಪ್ಪಣ್ಣನವರನ್ನು ಜಯಂತಿಯಂದು ನೆನೆಯುವ ನಾವು, ಕಾಯಕಕ್ಕೂ ಕಾಯಕಜೀವಿಗೂ ಗೌರವ ಕೊಡಬೇಕಾದುದು ಉಳಿದ ದಿನಗಳಲ್ಲಿಯೂ ಹೌದು.

ಆದ್ದರಿಂದ ಮುಂದಿನ ಸಾಮಾನ್ಯ ಸಭೆಯಲ್ಲಿ ಈ ನಾಲ್ಕು ಅಂಶಗಳನ್ನು ಚರ್ಚಿಸಿ ನಿರ್ಣಯಿಸಬೇಕೆಂದು ಕೋರುತ್ತೇನೆ:

1. ಪಂಚಾಯಿತಿ ವ್ಯಾಪ್ತಿಯ ಕ್ಷೌರಿಕರ ಪಟ್ಟಿ ಸಿದ್ಧಪಡಿಸಿ, ಅರ್ಹರ ಅರ್ಜಿಗಳನ್ನು ವಿಳಂಬವಿಲ್ಲದೆ ಪರಿಶೀಲಿಸುವುದು.
2. ಪ್ರಾಥಮಿಕ ಆರೋಗ್ಯ ಕೇಂದ್ರದ ಸಹಕಾರದಿಂದ ಸೋಂಕು ತಡೆಯ ತಿಳಿವಳಿಕೆ ನೀಡುವುದು. ಅನುಭವಿ ಕ್ಷೌರಿಕರಿಂದ ಹೊಸಬರಿಗೆ ಪಾಠ ಹೇಳಿಸುವುದು.
3. ಪ್ರತಿ ಅಂಗಡಿಗೆ ಬ್ಲೇಡು ಡಬ್ಬಿ ಒದಗಿಸುವುದು.
4. ಬಾಗಿಲು ಎಲ್ಲರಿಗೂ ತೆರೆದಿದೆಯೇ ಎಂಬುದನ್ನು ಸಾಮಾಜಿಕ ನ್ಯಾಯ ಸಮಿತಿಯ ಸದಸ್ಯರು ಖುದ್ದಾಗಿ ನೋಡುವುದು. ಬೆದರಿಕೆ ಎದುರಾದಲ್ಲಿ ಕ್ಷೌರಿಕನ ಬೆನ್ನಿಗೆ ನಿಲ್ಲುವುದು.

ಇವಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಸದಸ್ಯರ ಮನಸ್ಸು ಬೇಕು.